ಸ್ಯಾಕ್ ಆಯ್ತು, ತಪ್ಪು ಯಾರದು? ಕ್ವಾರ್ಟರ್‌ಬ್ಯಾಕ್ ಆಟವನ್ನು ಅಳೆಯುವ ಬಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅಂಥ ಒಬ್ಬ ಸ್ಯಾಮ್ ಡಾರ್ನಾಲ್ಡ್‌ನನ್ನು 2018ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಲ್ಲಿ) ಮೂರನೆಯವನಾಗಿ ಆರಿಸಿಕೊಂಡದ್ದು ನ್ಯೂಯಾರ್ಕ್ ಜೆಟ್ಸ್. ಮರುವರ್ಷ ಅಕ್ಟೋಬರ್‌ನಲ್ಲಿ ಪೇಟ್ರಿಯಟ್ಸ್ ಎದುರು 33-0 ಅಂತರದಲ್ಲಿ ಮಣ್ಣುಮುಕ್ಕಿದ ರಾತ್ರಿ, ಬೆಂಚಿನಲ್ಲಿ ಕೂತು ತನಗೆ ದೆವ್ವಗಳು ಕಾಣಿಸ್ತಿವೆ ಅಂತ ಅವನು ಹೇಳಿದ್ದು ಟಿವಿಯವರ ಮೈಕಿಗೆ ಸಿಕ್ಕಿಬಿತ್ತು. ಅಲ್ಲಿಂದ ಕ್ಯಾರೊಲಿನಾಕ್ಕೆ ಸಾಗಹಾಕಿದರು, ಅಲ್ಲೂ ಕುದುರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೀಸಲು ಆಟಗಾರನಾಗಿ ಒಂದು ವರ್ಷ ಕಳೆದ. 2024ರಲ್ಲಿ ಮಿನೆಸೋಟಾ ವೈಕಿಂಗ್ಸ್‌ಗೆ ಬಂದವನೇ 35 ಟಚ್‌ಡೌನ್ ಪಾಸ್ ಕೊಟ್ಟ, ತಂಡ 14 ಪಂದ್ಯ ಗೆದ್ದಿತು. ಆಮೇಲೆ 2025ರ ಜನವರಿಯ ಪ್ಲೇಆಫ್‌ನಲ್ಲಿ ರ‍್ಯಾಮ್ಸ್ ಅವನನ್ನು 9 ಸಲ ನೆಲಕ್ಕೆ ಕೆಡವಿತು; 27-9ರ ಸೋಲು. ಮಿನೆಸೋಟಾ ಅವನನ್ನು ಉಳಿಸಿಕೊಳ್ಳಲಿಲ್ಲ. ಸಿಯಾಟಲ್ ಕರೆದುಕೊಂಡಿತು. 2026ರ ಫೆಬ್ರವರಿಯಲ್ಲಿ ಸಾಂತಾ ಕ್ಲಾರಾದಲ್ಲಿ (ನಮ್ಮವರು ಗಲ್ಲಿಗೊಬ್ಬರು ಸಿಗುವ ಊರು) ನಡೆದ ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ ಇದೇ ಡಾರ್ನಾಲ್ಡ್.

ಎಂಟು ವರ್ಷದಲ್ಲಿ ಮನುಷ್ಯ ಪಳಗುತ್ತಾನೆ, ನಿಜ. ಆದರೆ 2024ರಲ್ಲಿ ಡಿಸೆಂಬರ್‌ವರೆಗೂ ಅದ್ಭುತವಾಗಿ ಆಡಿದವನು ಜನವರಿಯಲ್ಲಿ ದಿಢೀರನೆ ಆಟ ಮರೆತ ಅನ್ನೋದನ್ನು ನಾನು ಒಪ್ಪೋದಿಲ್ಲ. ಅವನ ಮುಂದೆ ನಿಂತ ಸ್ವಂತ ತಂಡದ ಐವರು ಲೈನ್‌ಮನ್‌ಗಳು ನುಗ್ಗುವ ಎದುರಾಳಿಗಳನ್ನು ತಡೆದಾಗ ಒಂದು ಆಟ, ತಡೆಯದಾಗ ಇನ್ನೊಂದು ಆಟ. ಹೆಲ್ಮೆಟ್ಟಿನೊಳಗಿನ ರೇಡಿಯೊದಲ್ಲಿ ಪ್ಲೇ (ಮುಂದಿನ ನಡೆ) ಹೇಳಿಕೊಡುವ ಕೋಚ್ ಯೋಚಿಸಿ ಕರೆದರೆ ಒಂದು, ಹಟಕ್ಕೆ ಬಿದ್ದು ಕರೆದರೆ ಇನ್ನೊಂದು. ಪಿಚ್ ಹೇಗಿದೆ ಅಂತ ನೋಡದೆ ಬ್ಯಾಟ್ಸ್‌ಮನ್‌ಗೆ ಅಂಕ ಕೊಡುವವರನ್ನು ನಾವು ನಗುತ್ತೇವೆ. ಅಮೆರಿಕನ್ ಫುಟ್‌ಬಾಲ್ ನೋಡುವಾಗ ಮಾತ್ರ ಅದನ್ನೇ ಮಾಡುತ್ತೇವೆ.

ಟಿವಿ ಮುಂದೆ ಕೂತು ಒಂದು ಸ್ಯಾಕ್ (ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವೋದು) ಅಥವಾ ಒಂದು ಇಂಟರ್‌ಸೆಪ್ಶನ್ (ಎಸೆದ ಚೆಂಡನ್ನು ಎದುರಾಳಿ ಹಿಡಿಯೋದು) ನೋಡಿದಾಗ ಅದನ್ನು ಯಾರ ಲೆಕ್ಕಕ್ಕೆ ಹಾಕಬೇಕು ಅಂತ ಕಂಡುಹಿಡಿಯುವ ಕ್ರಮ ಇಲ್ಲಿದೆ. ನಾಲ್ಕು ಡೌನ್‌ನೊಳಗೆ (ಯತ್ನದೊಳಗೆ) ಹತ್ತು ಗಜ ಮುಂದೆ ಹೋಗಬೇಕು ಅನ್ನುವಷ್ಟು ಗೊತ್ತಿದ್ದರೆ ಸಾಕು.

ಮೊದಲು ಐವರ ಪರಿಚಯ

ಮಧ್ಯದಲ್ಲಿ ಚೆಂಡನ್ನು ಕಾಲ ನಡುವಿನಿಂದ ಹಿಂದಕ್ಕೆ ಕೊಡುವವನು (ಹಾಗೆ ಕೊಡೋದೇ ಸ್ನ್ಯಾಪ್) ಸೆಂಟರ್. ಅವನ ಎರಡೂ ಪಕ್ಕ ಗಾರ್ಡ್‌ಗಳು, ಅವರ ಆಚೆ ಟ್ಯಾಕಲ್‌ಗಳು; ಈ ಐವರ ಸಾಲೇ ಲೈನ್. ಜೆರ್ಸಿ ಸಂಖ್ಯೆ 50ರಿಂದ 79ರೊಳಗೆ ಇರುತ್ತದೆ. ಸಾಮಾನ್ಯವಾಗಿ ಇವರು ಪಾಸ್ ಹಿಡಿಯುವ ಹಾಗಿಲ್ಲ. ಓಟದ ಪ್ಲೇ ಆದರೆ ಮುನ್ನುಗ್ಗಿ ಗುದ್ದುತ್ತಾರೆ, ಪಾಸ್ ಆದರೆ ಹಿಂದೆ ಸರಿಯುತ್ತಾ ತಡೆಯುತ್ತಾರೆ. ಹಿಂದೆ ಸರಿಯುತ್ತಾ ತಡೆಯೋದೇ ಕಷ್ಟ, ಯಾಕೆಂದರೆ ಎದುರಿನವನು ಮುಂದಕ್ಕೆ ನೋಡಿ ಓಡಿ ಬರುತ್ತಾನೆ, ಇವನು ಅಂದಾಜಿನ ಮೇಲೆ ಹಿಂಬದಿಗೆ ಹೆಜ್ಜೆ ಇಡಬೇಕು. ಜೆರ್ಸಿ ಹಿಡಿದು ಎಳೆದರೆ ಹೋಲ್ಡಿಂಗ್, 10 ಗಜ ದಂಡ. ಸ್ನ್ಯಾಪ್‌ಗೆ ಮೊದಲೇ ಅಲ್ಲಾಡಿದರೆ ಫಾಲ್ಸ್ ಸ್ಟಾರ್ಟ್, 5 ಗಜ.

ಬಲಗೈ ಕ್ವಾರ್ಟರ್‌ಬ್ಯಾಕ್‌ಗೆ ಎಡ ಬದಿ ಬೆನ್ನ ಹಿಂದೆ ಬೀಳುತ್ತದೆ. ಲೆಫ್ಟ್ ಟ್ಯಾಕಲ್‌ಗೆ ಸಂಬಳ ಹೆಚ್ಚಿರೋದು ಅದಕ್ಕೇ. ಟುವಾ ಟಾಗೊವೈಲೋವಾನಂಥ ಎಡಗೈಯವನಿಗೆ ಇದು ತಿರುವುಮುರುವು.

ಹೆಜ್ಜೆ 1: ಸ್ನ್ಯಾಪ್‌ಗೆ ಮೊದಲು ತಲೆ ಎಣಿಸಿ

ಚೆಂಡು ಕದಲುವ ಮುನ್ನ ಎರಡು ಸಂಖ್ಯೆ ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು, ತಡೆಯಲು ಎಷ್ಟು ಜನ ಇದ್ದಾರೆ: ಐವರು ಲೈನ್‌ಮನ್, ಜೊತೆಗೆ ಕ್ವಾರ್ಟರ್‌ಬ್ಯಾಕ್ ಪಕ್ಕ ನಿಂತ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು), ಟ್ಯಾಕಲ್‌ಗೆ ಅಂಟಿಕೊಂಡ ಟೈಟ್ ಎಂಡ್ (ತಡೆಯುವ, ಪಾಸ್ ಹಿಡಿಯುವ ಎರಡೂ ಕೆಲಸದವನು). ಇನ್ನೊಂದು, ಎದುರಾಳಿಗಳಲ್ಲಿ ಎಷ್ಟು ಜನ ನುಗ್ಗಬಹುದು. ಸ್ನ್ಯಾಪ್ ಆದ ಮೇಲೆ ನಿಜಕ್ಕೂ ಎಷ್ಟು ಜನ ನುಗ್ಗಿದರು ಅಂತ ರೀಪ್ಲೇಯಲ್ಲಿ ನೋಡಿ.

ಐವರು ತಡೆಯಲು ನಿಂತು ಆರು ಜನ ನುಗ್ಗಿದರೆ ಒಬ್ಬ ತಡೆಯಿಲ್ಲದೆ ಬರುತ್ತಾನೆ. ಕಾಮೆಂಟರಿಯಲ್ಲಿ ಲೈನ್ ಕುಸಿಯಿತು ಅನ್ನಬಹುದು, ಆದರೆ ಕುಸಿದಿಲ್ಲ, ಲೆಕ್ಕವೇ ಹಾಗಿತ್ತು. ಆ ಆರನೆಯವನು ಕ್ವಾರ್ಟರ್‌ಬ್ಯಾಕ್‌ನ ಜವಾಬ್ದಾರಿ. ಅವನು ಬರೋದನ್ನು ಕಂಡು, ಅವನು ಬಿಟ್ಟುಬಂದ ಜಾಗಕ್ಕೆ ಓಡುವ ರಿಸೀವರ್‌ಗೆ (ಪಾಸ್ ಹಿಡಿಯುವವನಿಗೆ) ತಕ್ಷಣ ಎಸೆಯಬೇಕು. ರಿಸೀವರ್ ಓಡುವ ದಾರಿಗೆ ರೂಟ್ ಅಂತಾರೆ, ಇಂಥದ್ದನ್ನೇ ಹಾಟ್ ರೂಟ್ ಅನ್ನೋದು. ಅಂಥ ರೂಟ್ ಪ್ಲೇಯಲ್ಲಿ ಇಲ್ಲವೇ ಇಲ್ಲ ಅಂದರೆ ತಪ್ಪು ಕೋಚ್‌ನದು. ಇದ್ದೂ ನೋಡದಿದ್ದರೆ ಕ್ವಾರ್ಟರ್‌ಬ್ಯಾಕ್‌ನದು. ಆರನೆಯವನನ್ನು ತಡೆಯಬೇಕಾದ ರನ್ನಿಂಗ್ ಬ್ಯಾಕ್ ಪಕ್ಕಕ್ಕೆ ಸರಿದು ಭುಜ ಸವರಿ ಬಿಟ್ಟರೆ ಅವನದು. ಈ ಮೂರರಲ್ಲೂ ಲೈನ್‌ಗೆ ಬೈಯುವ ಕಾರಣವಿಲ್ಲ.

ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ಎದುರಾಳಿ ನಾಲ್ವರನ್ನಷ್ಟೇ ನುಗ್ಗಿಸಿ, ಆ ನಾಲ್ವರೇ ಐವರನ್ನು ಸೋಲಿಸಿದರೆ, ಹಿಂದೆ ಏಳು ಜನ ಉಳಿಯುತ್ತಾರೆ. ಪಾಸ್ ಹಿಡಿಯಲು ಹೋಗುವವರು ಹೆಚ್ಚೆಂದರೆ ಐವರು. ಎಸೆಯಲು ಜಾಗವೂ ಇಲ್ಲ, ಎಸೆಯಲು ಸಮಯವೂ ಇಲ್ಲ. ಸಹಾಯಕ್ಕೆ ಬ್ಯಾಕನ್ನೂ ಟೈಟ್ ಎಂಡನ್ನೂ ಉಳಿಸಿಕೊಂಡರೆ ಸಮಯ ಸಿಗುತ್ತದೆ, ಆದರೆ ಆಗ ಮೂವರು ರಿಸೀವರ್‌ಗಳನ್ನು ಏಳು ಜನ ಕಾಯುತ್ತಾರೆ. ಬ್ಲಿಟ್ಜ್ ಮಾಡುವ (ನಾಲ್ವರಿಗಿಂತ ಹೆಚ್ಚು ಜನರನ್ನು ನುಗ್ಗಿಸುವ) ತಂಡಕ್ಕಿಂತ ಬ್ಲಿಟ್ಜ್ ಮಾಡದೆಯೇ ಒತ್ತಡ ಹಾಕುವ ತಂಡ ಹೆಚ್ಚು ಅಪಾಯ. ಲೀಗ್‌ನ ದೊಡ್ಡ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳು ಸೂಪರ್ ಬೌಲ್‌ನಲ್ಲಿ ಮಂಡಿಯೂರಿದ ಪಂದ್ಯಗಳನ್ನು ತೆಗೆದು ನೋಡಿ. 2008ರ ಫೆಬ್ರವರಿಯಲ್ಲಿ 18 ಪಂದ್ಯ ಸೋಲದೆ ಬಂದಿದ್ದ ಟಾಮ್ ಬ್ರೇಡಿಯನ್ನು ನ್ಯೂಯಾರ್ಕ್ ಜೈಂಟ್ಸ್‌ನ ಸ್ಟ್ರೇಹನ್, ಟಕ್, ಉಮೆನ್ಯೊರಾ ಮೊದಲಾದವರ ಮುಂಚೂಣಿ 5 ಸಲ ಕೆಡವಿ 17-14ರಲ್ಲಿ ಗೆದ್ದಿತು. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಒಂದೇ ಒಂದು ಬ್ಲಿಟ್ಜ್ ಇಲ್ಲದೆ ಪ್ಯಾಟ್ರಿಕ್ ಮಹೋಮ್ಸ್‌ನನ್ನು 6 ಸಲ ಕೆಡವಿತು. ಆ ದಿನ ಕ್ಯಾನ್ಸಸ್ ಸಿಟಿಯ ಲೆಫ್ಟ್ ಟ್ಯಾಕಲ್ ಜಾಗದಲ್ಲಿ ನಿಂತಿದ್ದವನು ಜೋ ಥೂನಿ, ಕಸುಬಿನಲ್ಲಿ ಗಾರ್ಡ್.

ಹೆಜ್ಜೆ 2: ಚೆಂಡು ಬಿಟ್ಟು ಸೆಕೆಂಡು ಎಣಿಸಿ

ಸ್ನ್ಯಾಪ್ ಆದ ಕ್ಷಣದಿಂದ ಬಾಯಲ್ಲಿ ಎಣಿಸಿ, ಅಥವಾ ರೀಪ್ಲೇ ಹಾಕಿ ಫೋನಿನ ಸ್ಟಾಪ್‌ವಾಚ್ ಒತ್ತಿ. ಎನ್‌ಎಫ್‌ಎಲ್‌ನಲ್ಲಿ (ಅಮೆರಿಕದ ವೃತ್ತಿಪರ ಲೀಗ್) ಚೆಂಡು ಕೈಬಿಡಲು ಸರಾಸರಿ ಎರಡೂ ಮುಕ್ಕಾಲು ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಲೈನ್‌ಮನ್ ಗೆದ್ದನೇ ಸೋತನೇ ಅಂತ ಅಳೆಯಲು ಇಎಸ್‌ಪಿಎನ್ ಇಟ್ಟುಕೊಂಡ ಗಡಿ 2.5 ಸೆಕೆಂಡು. ನಮಗೂ ಅದೇ ಸಾಕು.

ಎರಡೂವರೆ ಸೆಕೆಂಡಿನೊಳಗೇ ಯಾರೋ ಮೈಮೇಲೆ ಬಂದರೆ, ಹೆಜ್ಜೆ 1ರ ಲೆಕ್ಕ ಸರಿಯಿದ್ದಾಗ, ಅದು ಲೈನ್‌ನ ಸೋಲು. ಮೂರೂವರೆ ದಾಟಿದ ಮೇಲೆ ಸ್ಯಾಕ್ ಆದರೆ ಲೈನ್ ತನ್ನ ಕೆಲಸ ಮಾಡಿ ಮುಗಿಸಿದೆ. ಆಗ ಪ್ರಶ್ನೆ ಎರಡು. ರಿಸೀವರ್‌ಗಳಲ್ಲಿ ಯಾರೂ ಖಾಲಿ ಸಿಗಲಿಲ್ಲವೇ, ಅಥವಾ ಸಿಕ್ಕವನನ್ನು ಕ್ವಾರ್ಟರ್‌ಬ್ಯಾಕ್ ನೋಡಲಿಲ್ಲವೇ? ಟಿವಿಯ ಮಾಮೂಲು ಕೋನದಲ್ಲಿ ಇದು ಕಾಣೋದಿಲ್ಲ, ಇಡೀ ಮೈದಾನ ತೋರಿಸುವ ಕೋಚ್ ಫಿಲ್ಮ್ ಬೇಕು. ನಡುವಿನ ಒಂದು ಸೆಕೆಂಡು ಜಗಳದ ಜಾಗ, ಅಲ್ಲಿ ಯಾರೂ ಪೂರ್ತಿ ಸರಿಯಲ್ಲ.

ಕ್ವಾರ್ಟರ್‌ಬ್ಯಾಕ್ ಪಕ್ಕಕ್ಕೆ ಓಡುತ್ತಾ ಎಸೆಯುವ ಪ್ಲೇಗಳಿಗೆ ಈ ಗಡಿಯಾರ ಹಚ್ಚಬೇಡಿ. ಅಲ್ಲಿ ನಾಲ್ಕು ಸೆಕೆಂಡು ಆಗೋದು ಸಹಜ.

ಲೈನ್ ಎಷ್ಟು ಹೊತ್ತು ತಡೆಯಬಲ್ಲದು ಅನ್ನೋದರ ಮೇಲೇ ಯಾವ ಪ್ಲೇ ಕರೆಯಬಹುದು ಅನ್ನೋದೂ ನಿಂತಿದೆ. ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ 2020ರ ಫೆಬ್ರವರಿಯ ಸೂಪರ್ ಬೌಲ್. ಕ್ಯಾನ್ಸಸ್ ಸಿಟಿ 10, ಸ್ಯಾನ್ ಫ್ರಾನ್ಸಿಸ್ಕೊ 20. ನಾಲ್ಕನೇ ಕ್ವಾರ್ಟರ್‌ನಲ್ಲಿ 7 ನಿಮಿಷ 13 ಸೆಕೆಂಡು ಬಾಕಿ, ಥರ್ಡ್ ಡೌನ್, ಬೇಕಿದ್ದದ್ದು 15 ಗಜ. ಹಿಂದಿನ ಪಾಸ್ ಬಗ್ಗೆ ಅಂಪೈರ್‌ಗಳು ರೀಪ್ಲೇ ನೋಡುತ್ತಿದ್ದ ಬಿಡುವಿನಲ್ಲಿ ಮಹೋಮ್ಸ್ ತನ್ನ ಕೋಚ್ ಎರಿಕ್ ಬಿಯೆನಿಮಿಯ ಹತ್ತಿರ ಹೋಗಿ ಕೇಳಿದ್ದು ಒಂದೇ ಮಾತು: ವಾಸ್ಪ್ ಆಡಲು ಸಮಯ ಸಿಗುತ್ತಾ? ವಾಸ್ಪ್ ಅಂದರೆ ಟೈರೀಕ್ ಹಿಲ್ ಮೈದಾನದ ನಡುವಿಗೆ ಹೋಗುವ ಹಾಗೆ ನಟಿಸಿ ಹೊರಕ್ಕೆ ತಿರುಗುವ, ತುಂಬ ನಿಧಾನಕ್ಕೆ ಬಿಚ್ಚಿಕೊಳ್ಳುವ ರೂಟ್. ರಿಸೀವರ್ ಖಾಲಿ ಸಿಗುತ್ತಾನಾ ಅಂತ ಅವನು ಕೇಳಲಿಲ್ಲ, ಲೈನ್ ತಡೆಯುತ್ತಾ ಅಂತ ಕೇಳಿದ. ಆಮೇಲೆ ಆದದ್ದು ನೋಡಿ: ಅವನು ಹತ್ತು ಗಜಕ್ಕೂ ಹೆಚ್ಚು ಹಿಂದಕ್ಕೆ ಹೋಗಿ ಎಸೆಯುವಾಗ ಡಿಫಾರೆಸ್ಟ್ ಬಕ್ನರ್ ಬಂದು ಗುದ್ದಿಯೇ ಬಿಟ್ಟ. ಅರ್ಧ ಸೆಕೆಂಡು ಮೊದಲು ಬಂದಿದ್ದರೆ ಕಥೆ ಮುಗಿದಿತ್ತು. 44 ಗಜದ ಪಾಸ್ ಅದು. ಪಂದ್ಯ 31-20ಕ್ಕೆ ತಿರುಗಿತು.

ಹೆಜ್ಜೆ 3: ಒತ್ತಡ ಯಾವ ಬಾಗಿಲಿನಿಂದ ಬಂತು?

ಅಂಚಿನಿಂದ, ಅಂದರೆ ಟ್ಯಾಕಲ್‌ನ ಹೊರಮಗ್ಗುಲಿನಿಂದ ಬರುವವನು ದೂರ ಸುತ್ತಿ ಬರಬೇಕು. ಒಳ್ಳೆಯ ಟ್ಯಾಕಲ್ ಅವನನ್ನು ಪೂರ್ತಿ ನಿಲ್ಲಿಸದಿದ್ದರೂ ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದಿನಿಂದ ದಾಟಿಸಿ ಕಳಿಸುತ್ತಾನೆ. ಆಗ ಕ್ವಾರ್ಟರ್‌ಬ್ಯಾಕ್ ಮಾಡಬೇಕಾದ್ದು ಎರಡು ಹೆಜ್ಜೆ ಮುಂದಕ್ಕೆ ಬರೋದು. ಬರದೆ ಹಿಂದಕ್ಕೇ ಜಾರುವವರಿದ್ದಾರೆ. ಟ್ಯಾಕಲ್ ತನ್ನ ಕ್ವಾರ್ಟರ್‌ಬ್ಯಾಕ್ ಏಳೆಂಟು ಗಜ ಹಿಂದೆ ಇರುತ್ತಾನೆ ಅಂದುಕೊಂಡು ಕಾಲಿಟ್ಟಿರುತ್ತಾನೆ. ಇವನು ಹನ್ನೆರಡು ಗಜ ಹಿಂದೆ ಹೋಗಿ ನಿಂತರೆ, ಟ್ಯಾಕಲ್ ಹೊರಕ್ಕೆ ಅಟ್ಟಿದ ಆಳು ನೇರ ಇವನ ಮಡಿಲಿಗೇ ಬರುತ್ತಾನೆ. ತೆರೆಯ ಮೇಲೆ ಟ್ಯಾಕಲ್ ಸೋತ ಹಾಗೆ ಕಾಣುತ್ತದೆ, ಮರುದಿನ ಬೈಗುಳವೂ ಅವನಿಗೇ. ಸ್ಯಾಕ್ ಆದಾಗ ಕ್ವಾರ್ಟರ್‌ಬ್ಯಾಕ್‌ನ ಕಾಲಡಿಯ ಗಜದ ಗೆರೆ ನೋಡುವ ಅಭ್ಯಾಸ ಮಾಡಿಕೊಳ್ಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನಡುವಿನಿಂದ ಬಂದರೆ ಬೇರೆ ಮಾತು. ಗಾರ್ಡ್ ಅಥವಾ ಸೆಂಟರ್ ಹಿಂದಕ್ಕೆ ತಳ್ಳಿಸಿಕೊಂಡು ಬಂದರೆ ಮುಂದಕ್ಕೆ ಹೆಜ್ಜೆ ಇಡಲು ನೆಲವೇ ಇರುವುದಿಲ್ಲ. ಕಾಲು ಊರದೆ, ಮುಖದೆದುರು ಕೈ ಎತ್ತಿ ನಿಂತವನ ಮೇಲಿನಿಂದ ಎಸೆದ ಚೆಂಡು ಎತ್ತರಕ್ಕೆ ಹಾರುತ್ತದೆ, ಎಲ್ಲರಿಗಿಂತ ಹಿಂದೆ ಕಾಯುವ ಎದುರಾಳಿಯ, ಅಂದರೆ ಸೇಫ್ಟಿಯ ಕೈಗೆ ಹೋಗಿ ಬೀಳುತ್ತದೆ. ಲೆಫ್ಟ್ ಟ್ಯಾಕಲ್ ಬಗ್ಗೆ ಜನ ಎಷ್ಟೇ ಮಾತಾಡಲಿ, ಮೊದಲು ಸರಿಮಾಡಬೇಕಾದ್ದು ನಡುವಿನ ಮೂವರನ್ನು ಅನ್ನೋದು ನನ್ನ ಅಭಿಪ್ರಾಯ.

2022ರ ಫೆಬ್ರವರಿಯ ಸೂಪರ್ ಬೌಲ್‌ನ ಕೊನೆಯ ಎರಡು ಪ್ಲೇ ಇದಕ್ಕೆ ಸಾಕ್ಷಿ. ಸಿನ್ಸಿನಾಟಿ ಬೆಂಗಲ್ಸ್ 20, ರ‍್ಯಾಮ್ಸ್ 23, ಒಂದು ನಿಮಿಷಕ್ಕಿಂತ ಕಡಿಮೆ ಉಳಿದಿದೆ. ಥರ್ಡ್ ಡೌನ್, ಒಂದು ಗಜ ಬೇಕು. ಮುಖ್ಯ ರನ್ನಿಂಗ್ ಬ್ಯಾಕ್ ಜೋ ಮಿಕ್ಸನ್ ಹೊರಗೆ, ಸಮಾಜೆ ಪೆರೈನ್ ಕೈಗೆ ಚೆಂಡು. ಏರಾನ್ ಡೊನಾಲ್ಡ್ ಹಿಡಿದು ನಿಲ್ಲಿಸಿದ. ಫೋರ್ತ್ ಡೌನ್, ಈಗಲೂ ಒಂದೇ ಗಜ. ಜೋ ಬರ್ರೋ ಹಿಂದಕ್ಕೆ ಬಂದ. ದೂರದಲ್ಲಿ ಜಮಾರ್ ಚೇಸ್‌ನನ್ನು ಕಾಯುತ್ತಿದ್ದ ಜೇಲನ್ ರ‍್ಯಾಮ್ಸಿ ಜಾರಿಬಿದ್ದಿದ್ದ, ಚೇಸ್ ಒಬ್ಬನೇ ಓಡುತ್ತಿದ್ದ. ಅದನ್ನು ನೋಡುವಷ್ಟು ಹೊತ್ತು ಬರ್ರೋಗೆ ಸಿಗಲಿಲ್ಲ. ಡೊನಾಲ್ಡ್ ಲೆಫ್ಟ್ ಗಾರ್ಡ್‌ನನ್ನು ದಾಟಿ ಬಂದು ಅವನನ್ನು ಹಿಡಿದು ಗಿರಗಿರನೆ ತಿರುಗಿಸಿದ, ಚೆಂಡು ನೆಲ ಸೇರಿತು. ರಾತ್ರಿಯ ಅಂಕಿಪಟ್ಟಿಯಲ್ಲಿ ಇದು ಬರ್ರೋನ ಹೆಸರಿನ ಮುಂದೆ ಗುರಿ ತಪ್ಪಿದ ಒಂದು ಪಾಸ್, ಅಷ್ಟೇ. ಆ ಪಂದ್ಯದಲ್ಲಿ ಅವನ ಮೇಲೆ 7 ಸ್ಯಾಕ್ ಆಗಿದ್ದವು. ಪ್ಲೇ ಕರೆದವರಿಗೂ ಒಂದು ಪಾಲು ಕೊಡಲೇಬೇಕು: ಇಡೀ ಸಂಜೆ ತಡೆಯಲಾಗದವನ ಎದುರಿಗೆ, ಒಂದು ಗಜಕ್ಕೆ, ಚೆಂಡು ಕೈಯಲ್ಲಿ ಹಿಡಿದು ಕಾಯುವ ಪ್ಲೇ ಯಾಕೆ ಬೇಕಿತ್ತು?

ಇನ್ನೊಂದು ಸಂಗತಿ ಸ್ಟಂಟ್. ಇಬ್ಬರು ನುಗ್ಗುವವರು ಕತ್ತರಿಯ ಹಾಗೆ ಜಾಗ ಅದಲುಬದಲು ಮಾಡುತ್ತಾರೆ. ಗಾರ್ಡ್ ಮತ್ತು ಟ್ಯಾಕಲ್ ತಂತಮ್ಮ ಆಳನ್ನು ಪಕ್ಕದವನಿಗೆ ದಾಟಿಸಬೇಕು. ಇಬ್ಬರೂ ಒಬ್ಬನ ಹಿಂದೆ ಬಿದ್ದರೆ ಇನ್ನೊಬ್ಬ ನಡುವಿನ ಸಂದಿಯಿಂದ ಬರುತ್ತಾನೆ. ಗಾಯದಿಂದ ಲೈನ್‌ನಲ್ಲಿ ಆಳು ಬದಲಾದ ವಾರ ಇದು ಹೆಚ್ಚು. ಐವರು ಎಷ್ಟು ವಾರ ಒಟ್ಟಿಗೆ ಆಡಿದ್ದಾರೆ ಅನ್ನೋದು ಐವರ ಪ್ರತಿಭೆಯಷ್ಟೇ ಮುಖ್ಯ.

ಹೆಜ್ಜೆ 4: ಥರ್ಡ್ ಡೌನ್ ಸ್ಯಾಕ್‌ನ ಬೇರು ಫಸ್ಟ್ ಡೌನ್‌ನಲ್ಲಿ ಹುಡುಕಿ

ಪ್ಲೇ ಕರೆಯುವವನ ತಪ್ಪು ಸಾಮಾನ್ಯವಾಗಿ ತಡವಾಗಿ ಕಾಣಿಸಿಕೊಳ್ಳುತ್ತದೆ, ಬೇರೆಯವನ ಮೈಮೇಲೆ. ಫಸ್ಟ್ ಡೌನ್, ನೇರ ಓಟ, ಒಂದು ಗಜ. ಸೆಕೆಂಡ್ ಡೌನ್, ಮತ್ತೆ ಓಟ, ಎರಡು ಗಜ. ಈಗ ಥರ್ಡ್ ಡೌನ್, 7 ಗಜ ಬೇಕು. ಕ್ರೀಡಾಂಗಣದಲ್ಲಿ ಕಡಲೆಕಾಯಿ ಮಾರುವವನಿಗೂ ಗೊತ್ತು ಈಗ ಪಾಸ್ ಅಂತ. ಅಂಚಿನ ಆಟಗಾರರಿಗೆ ಓಟ ತಡೆಯುವ ಚಿಂತೆಯಿಲ್ಲ, ಸ್ನ್ಯಾಪ್ ಆದದ್ದೇ ತಡ ಕ್ವಾರ್ಟರ್‌ಬ್ಯಾಕ್ ಕಡೆ ಓಡಿದರಾಯಿತು. 7 ಗಜ ಹೋಗಬೇಕಾದ ರೂಟ್‌ಗೆ ಸಮಯವೂ ಹೆಚ್ಚು ಬೇಕು. ಸ್ಯಾಕ್ ಆಗುತ್ತದೆ. ಜನ ಟ್ಯಾಕಲ್‌ನನ್ನೋ ಕ್ವಾರ್ಟರ್‌ಬ್ಯಾಕ್‌ನನ್ನೋ ಬೈಯುತ್ತಾರೆ. ಆ ಸ್ಯಾಕ್‌ನ ನಿಜವಾದ ಮಾಲೀಕ ಎರಡು ಪ್ಲೇ ಹಿಂದೆ ಬಾಯಿಗೆ ಹಾಳೆ ಅಡ್ಡ ಹಿಡಿದು ಮೈಕಿನಲ್ಲಿ ಮಾತಾಡಿದ ಕೋಚ್.

ಒಂದು ಕಾಗದ ಇಟ್ಟುಕೊಂಡು ಒಂದು ಅರ್ಧದ ಫಸ್ಟ್ ಡೌನ್‌ಗಳನ್ನಷ್ಟೇ ಬರೆದುಕೊಳ್ಳಿ: ಓಟವೋ ಪಾಸೋ, ಎಷ್ಟು ಗಜ. ಪಕ್ಕದಲ್ಲಿ ಆ ಸರಣಿಯ ಥರ್ಡ್ ಡೌನ್‌ಗೆ ಎಷ್ಟು ಗಜ ಬೇಕಾಯಿತು ಅಂತ ಬರೆಯಿರಿ. ಮೂರು ನಾಲ್ಕು ಗಜದೊಳಗೆ ಇದ್ದರೆ ಕ್ವಾರ್ಟರ್‌ಬ್ಯಾಕ್‌ಗೆ ಓಟ, ಪಾಸ್, ಸ್ಕ್ರೀನ್ ಎಲ್ಲ ದಾರಿಯೂ ತೆರೆದಿರುತ್ತದೆ. ಏಳೆಂಟು ದಾಟುತ್ತಲೇ ಇದ್ದರೆ ಆ ಕ್ವಾರ್ಟರ್‌ಬ್ಯಾಕ್‌ನ ಅಂಕಿಗಳನ್ನು ನೋಡಿ ನಗಬೇಡಿ. ಫಾಲ್ಸ್ ಸ್ಟಾರ್ಟ್, ಹೋಲ್ಡಿಂಗ್ ದಂಡಗಳನ್ನೂ ಅದೇ ಕಾಗದದಲ್ಲಿ ಗುರುತಿಸಿ. ಪಾಸ್ ತಡೆಯುವುದರಲ್ಲಿ ಚೆನ್ನಾಗಿರುವ ಲೈನ್ ಕೂಡ ದಂಡ ತಂದು ಫಸ್ಟ್ ಡೌನ್‌ಗೆ 20 ಗಜ ಮಾಡಿಟ್ಟರೆ ಪರಿಣಾಮ ಒಂದೇ.

ಹೆಜ್ಜೆ 5: ಲೈನ್ ಸೋಲುತ್ತಿದ್ದಾಗ ಕೋಚ್ ಏನು ಮದ್ದು ಕೊಟ್ಟ?

ಎಲ್ಲ ಕೋಚ್‌ಗೂ ಒಳ್ಳೆಯ ಲೈನ್ ಸಿಗುವುದಿಲ್ಲ. ಸಿಗದಿದ್ದಾಗ ಏನು ಮಾಡಿದ ಅನ್ನೋದರಲ್ಲೇ ಅವನ ಕೈಚಳಕ ತಿಳಿಯುತ್ತದೆ. ಎರಡನೇ ಕ್ವಾರ್ಟರ್‌ನಿಂದ ಇವುಗಳನ್ನು ಹುಡುಕಿ.

ಮೊದಲನೆಯದು ಬೇಗ ಎಸೆಯುವ ಪಾಸ್‌ಗಳು: ಓರೆಯಾಗಿ ಒಳಕ್ಕೆ ಬರುವ ಸ್ಲ್ಯಾಂಟ್, ಅಂಚಿನ ಕಡೆಗಿನ ಗಿಡ್ಡ ಪಾಸ್. ಚೆಂಡು ಎರಡು ಸೆಕೆಂಡಿನೊಳಗೆ ಕೈಬಿಟ್ಟರೆ ಎಂಥ ಸೊರಗಿದ ಲೈನೂ ಸಾಕಾಗುತ್ತದೆ. 1970ರಲ್ಲಿ ಸಿನ್ಸಿನಾಟಿಯಲ್ಲಿ ಸಹಾಯಕ ಕೋಚ್ ಆಗಿದ್ದ ಬಿಲ್ ವಾಲ್ಷ್‌ಗೆ ಉದ್ದ ಎಸೆಯುವ ಗ್ರೆಗ್ ಕುಕ್ ಭುಜದ ಗಾಯದಿಂದ ಕೈಕೊಟ್ಟ. ಉಳಿದವನು ತೋಳಬಲ ಕಡಿಮೆಯಿದ್ದ, ಗುರಿ ಚೆನ್ನಾಗಿದ್ದ ವರ್ಜಿಲ್ ಕಾರ್ಟರ್. ಅವನಿಗಾಗಿ ಕಟ್ಟಿದ ಗಿಡ್ಡ ಪಾಸ್‌ಗಳ ಆಟವೇ ಮುಂದೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೋ ಮೊಂಟಾನಾ ಕೈಯಲ್ಲಿ ವೆಸ್ಟ್ ಕೋಸ್ಟ್ ಅಫೆನ್ಸ್ ಅಂತ ಹೆಸರಾಯಿತು. ಇರುವ ಆಳಿಗೆ ತಕ್ಕ ಆಟ ಕಟ್ಟೋದು ಅಂದರೆ ಇದು.

ಎರಡನೆಯದು ಸ್ಕ್ರೀನ್. ನುಗ್ಗುವವರನ್ನು ಬೇಕಂತಲೇ ಒಳಕ್ಕೆ ಬಿಟ್ಟು, ಅವರ ತಲೆಯ ಮೇಲಿಂದ ಬ್ಯಾಕ್‌ಗೆ ಚೆಂಡು ದಾಟಿಸೋದು. ಎರಡು ಸಲ ಹೀಗೆ ಮೋಸಹೋದ ಅಂಚಿನ ಆಟಗಾರ ಮೂರನೇ ಸಲ ಅರೆಮನಸ್ಸಿನಿಂದ ನುಗ್ಗುತ್ತಾನೆ. ಮೂರನೆಯದು ಚಿಪ್: ಪಾಸ್ ಹಿಡಿಯಲು ಹೊರಡುವ ಮುನ್ನ ಟೈಟ್ ಎಂಡ್ ಅಥವಾ ಬ್ಯಾಕ್ ಅಂಚಿನ ಆಟಗಾರನಿಗೆ ಭುಜ ಕೊಟ್ಟು ಹೋಗೋದು. ಮತ್ತೊಂದು ದಾರಿ ಪಾಕೆಟ್ಟನ್ನೇ (ಲೈನ್ ಕಾಯುವ, ಎಸೆಯುವ ಜಾಗವನ್ನೇ) ಸರಿಸೋದು, ಕ್ವಾರ್ಟರ್‌ಬ್ಯಾಕ್‌ನನ್ನು ಬಲಕ್ಕೋ ಎಡಕ್ಕೋ ಓಡಿಸಿ ಎಸೆಸೋದು.

ಎಲ್ಲಕ್ಕಿಂತ ಅಗ್ಗದ ಮದ್ದು ಪ್ಲೇ ಆಕ್ಷನ್. ಬ್ಯಾಕ್‌ಗೆ ಚೆಂಡು ಕೊಟ್ಟ ಹಾಗೆ ನಟಿಸಿ ಎಸೆಯೋದು. ಲೈನ್‌ಮನ್‌ಗಳೂ ಓಟದ ಪ್ಲೇಯ ಹಾಗೆ ಮುನ್ನುಗ್ಗುವುದರಿಂದ ಎದುರಿನ ಲೈನ್‌ಬ್ಯಾಕರ್‌ಗಳು (ಎದುರಾಳಿ ಮುಂಚೂಣಿಯ ಹಿಂದೆ ನಿಲ್ಲುವವರು) ಒಂದೆರಡು ಹೆಜ್ಜೆ ಮುಂದೆ ಬರುತ್ತಾರೆ, ಅವರ ಬೆನ್ನ ಹಿಂದೆ ಜಾಗ ಬಿಚ್ಚಿಕೊಳ್ಳುತ್ತದೆ. ಮೊದಲು ಓಟದ ಆಟ ನೆಲೆನಿಲ್ಲಿಸಿದರೆ ಮಾತ್ರ ಇದು ನಡೆಯುತ್ತದೆ ಅಂತ ಹಳೆಯ ಕಾಮೆಂಟೇಟರ್‌ಗಳು ಈಗಲೂ ಹೇಳುತ್ತಾರೆ. ಎನ್‌ಎಫ್‌ಎಲ್ ಅಂಕಿಅಂಶ ಹಿಡಿದು ಕೂತವರು ಈ ನಂಬಿಕೆಗೆ ಆಧಾರ ಸಿಗಲಿಲ್ಲ ಅಂತ ಮತ್ತೆ ಮತ್ತೆ ತೋರಿಸಿದ್ದಾರೆ. ಓಟ ನಡೆಯದ ದಿನವೂ ಲೈನ್‌ಬ್ಯಾಕರ್ ಅಭ್ಯಾಸಬಲದಿಂದ ಮುಂದೆ ಬರುತ್ತಾನೆ. ಹಾಗಿದ್ದೂ ಲೈನ್ ಸೋಲುವ ದಿನ ಇದನ್ನು ಬಳಸದ ಕೋಚ್‌ನನ್ನು ಕಂಡರೆ ನನಗೆ ಮೈ ಉರಿಯುತ್ತದೆ. 20 ಅಂಕ ಹಿಂದೆ ಬಿದ್ದು, ಐದು ನಿಮಿಷ ಉಳಿದಾಗ ಮಾತ್ರ ಯಾರೂ ಈ ನಟನೆ ನಂಬುವುದಿಲ್ಲ, ಆಗ ಬಿಟ್ಟುಬಿಡೋಣ.

ಹೆಜ್ಜೆ 6: ಪ್ಲೇ ಕ್ಲಾಕ್ ಮೇಲೊಂದು ಕಣ್ಣು

ಒಂದು ಪ್ಲೇ ಮುಗಿದು ಮುಂದಿನದು ಶುರುವಾಗಲು 40 ಸೆಕೆಂಡು. ಕೋಚ್‌ನ ಧ್ವನಿ ಕ್ವಾರ್ಟರ್‌ಬ್ಯಾಕ್‌ನ ಹಸಿರು ಚುಕ್ಕೆಯ ಹೆಲ್ಮೆಟ್‌ನೊಳಗೆ ಬರುತ್ತದೆ, ಗಡಿಯಾರದಲ್ಲಿ 15 ಉಳಿದಾಗ ರೇಡಿಯೊ ಕಡಿದುಹೋಗುತ್ತದೆ. ಅಷ್ಟರೊಳಗೆ ಪ್ಲೇ ಹೇಳಿ, ಹಡಲ್‌ನಲ್ಲಿ (ತಂಡ ಸುತ್ತುಗಟ್ಟಿ ನಿಂತಾಗ) ದಾಟಿಸಿ, ಸಾಲಿಗೆ ಬಂದು ನಿಂತರೆ ಕ್ವಾರ್ಟರ್‌ಬ್ಯಾಕ್‌ಗೂ ಸೆಂಟರ್‌ಗೂ ಎದುರಾಳಿಯನ್ನು ಓದಲು ಸಮಯ ಸಿಗುತ್ತದೆ. ಸೆಂಟರ್ ಒಬ್ಬ ಲೈನ್‌ಬ್ಯಾಕರ್ ಕಡೆ ಬೆರಳು ತೋರಿಸಿ ಕೂಗೋದನ್ನು ನೋಡಿರಬಹುದು, ಆ ಆಳಿನಿಂದ ಲೆಕ್ಕ ಶುರುಮಾಡಿ ಯಾರು ಯಾರನ್ನು ತಡೆಯಬೇಕು ಅಂತ ಹಂಚಿಕೊಳ್ಳುತ್ತಾರೆ. ಕೋಚ್ ಪ್ಲೇ ತಡವಾಗಿ ಕಳಿಸಿ, ತಂಡ 8 ಸೆಕೆಂಡು ಇದ್ದಾಗ ಸಾಲಿಗೆ ಬಂದರೆ ಇದ್ಯಾವುದೂ ಆಗುವುದಿಲ್ಲ. ಕಣ್ಣೆದುರಿಗಿನ ಬ್ಲಿಟ್ಜ್ ಕೂಡ ಕಾಣುವುದಿಲ್ಲ. ಪದೇ ಪದೇ ಹೀಗಾಗುತ್ತಿದ್ದರೆ ಸ್ಯಾಕ್‌ಗಳನ್ನು ಯಾರ ಖಾತೆಗೆ ಬರೆಯಬೇಕು ಅಂತ ಹೇಳಬೇಕಿಲ್ಲ.

ಹೊರಊರಿನ ಗದ್ದಲದ ಮೈದಾನದಲ್ಲಿ ಕ್ವಾರ್ಟರ್‌ಬ್ಯಾಕ್ ಕೂಗು ಟ್ಯಾಕಲ್‌ಗೆ ಕೇಳಿಸುವುದಿಲ್ಲ, ಅವನು ಚೆಂಡು ಕದಲಿದ್ದನ್ನು ಕಣ್ಣಂಚಿನಲ್ಲಿ ನೋಡಿ ಹೊರಡಬೇಕು. ನುಗ್ಗುವವನಿಗೆ ಆ ಒಂದು ಕ್ಷಣವೇ ಲಾಭ.

ಹೆಜ್ಜೆ 7: ಅಂಕಿಗಳನ್ನು ಕೊನೆಗೆ ನೋಡಿ

ಸ್ಯಾಕ್‌ಗಳ ಸಂಖ್ಯೆ ಲೈನ್‌ನ ಮಾರ್ಕ್ಸ್ ಕಾರ್ಡ್ ಅಲ್ಲ. ಪೇಟನ್ ಮ್ಯಾನಿಂಗ್ ಇಂಡಿಯಾನಾಪೊಲಿಸ್‌ನಲ್ಲಿದ್ದಾಗಲೂ ಡೆನ್ವರ್‌ಗೆ ಹೋದ ಮೇಲೂ ಸ್ಯಾಕ್ ಆದದ್ದು ಕಡಿಮೆ; ಲೈನ್ ಬದಲಾಗಿತ್ತು, ಬೇಗ ಎಸೆಯುವ ಕೈ ಅದೇ. ಓಡಾಡಿ ಆಟ ಉದ್ದಮಾಡುವವರು ಯಾವ ತಂಡಕ್ಕೆ ಹೋದರೂ ಸ್ಯಾಕ್‌ಗಳನ್ನು ಜೊತೆಗೇ ಒಯ್ಯುತ್ತಾರೆ. ಒತ್ತಡ ಎಷ್ಟು ಸಲ ಬಂತು, ಅದರಲ್ಲಿ ಎಷ್ಟು ಸ್ಯಾಕ್ ಆಯಿತು ಅನ್ನುವ ಎರಡನ್ನೂ ಪಕ್ಕಪಕ್ಕ ಇಡಿ. ಮೊದಲನೆಯದರಲ್ಲಿ ಲೈನ್‌ನ ಪಾಲು ಹೆಚ್ಚು, ಎರಡನೆಯದರಲ್ಲಿ ಕ್ವಾರ್ಟರ್‌ಬ್ಯಾಕ್‌ನದು.

ಇನ್ನೊಂದು ತುದಿಯ ಉದಾಹರಣೆಯೂ ಇದೆ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್, ಮೊದಲನೆಯ ಆಯ್ಕೆಯಾಗಿ ತಂದ ಡೇವಿಡ್ ಕಾರ್‌ನನ್ನು ಒಂದೇ ಸೀಸನ್‌ನಲ್ಲಿ 76 ಸಲ ಸ್ಯಾಕ್ ಆಗಲು ಬಿಟ್ಟಿತು. ಅದು ಲೀಗ್ ದಾಖಲೆ. ಹಾಗಂತ ಸ್ಯಾಕ್ ಹೆಚ್ಚಾದರೆ ಸೋಲು ಖಚಿತ ಅಂತಲೂ ಅಲ್ಲ: 2022ರ ಜನವರಿಯಲ್ಲಿ ಟೆನೆಸಿ ವಿರುದ್ಧ 9 ಸಲ ಬಿದ್ದೂ ಬರ್ರೋ 19-16ರಲ್ಲಿ ಗೆದ್ದ.

ಶಿಕಾಗೊದ ಕೇಲೆಬ್ ವಿಲಿಯಮ್ಸ್ ಕಥೆ ಇತ್ತೀಚಿನದು. ಮೊದಲ ವರ್ಷ, 2024ರಲ್ಲಿ 68 ಸ್ಯಾಕ್. ನವೆಂಬರ್‌ನಲ್ಲಿ ಪ್ಲೇ ಕರೆಯುತ್ತಿದ್ದ ಕೋಚ್‌ನನ್ನು ಕಿತ್ತುಹಾಕಿದರು, ಕೆಲವೇ ವಾರದಲ್ಲಿ ಮುಖ್ಯ ಕೋಚ್‌ನನ್ನೂ. ಮುಂದಿನ ವರ್ಷ ಡೆಟ್ರಾಯಿಟ್‌ನಿಂದ ಬೆನ್ ಜಾನ್ಸನ್ ಬಂದ. ಅವನ ಜೊತೆಗೆ ಗಾರ್ಡ್‌ಗಳಾದ ಜೋ ಥೂನಿ, ಜೋನಾ ಜ್ಯಾಕ್ಸನ್, ಸೆಂಟರ್ ಡ್ರೂ ಡಾಲ್ಮನ್ ಬಂದರು. ನಡುವಿನ ಮೂವರೂ ಹೊಸಬರು. 2025ರಲ್ಲಿ ಸ್ಯಾಕ್ 24ಕ್ಕೆ ಇಳಿಯಿತು, ತಂಡ 11 ಪಂದ್ಯ ಗೆದ್ದಿತು. ಇದರಲ್ಲಿ ಲೈನ್‌ಗೆಷ್ಟು, ಕೋಚ್‌ಗೆಷ್ಟು, ಚೆಂಡು ಬೇಗ ಬಿಡಲು ಕಲಿತ ಹುಡುಗನಿಗೆಷ್ಟು? ಮೂರೂ ಒಟ್ಟಿಗೇ ಬದಲಾದ್ದರಿಂದ ಶೇಕಡಾವಾರು ಹಂಚುವವರನ್ನು ನಂಬಬೇಡಿ.

ಅಭ್ಯಾಸಕ್ಕೆ ಎರಡು ಪಂದ್ಯ

ಈ ಹೆಜ್ಜೆಗಳನ್ನು ಪಳಗಿಸಿಕೊಳ್ಳಲು ಮಹೋಮ್ಸ್‌ನ ಎರಡು ಸೂಪರ್ ಬೌಲ್‌ಗಳನ್ನು ಒಂದರ ಹಿಂದೊಂದು ನೋಡಿ. ಎರಡರಲ್ಲೂ ಮುಖ್ಯ ಕೋಚ್ ಆ್ಯಂಡಿ ರೀಡ್.

ಮೊದಲನೆಯದು 2021ರ ಫೆಬ್ರವರಿ 7, ಟ್ಯಾಂಪಾ ಬೇ ವಿರುದ್ಧ. ಎರಡೂ ಕಡೆಯ ಕಾಯಂ ಟ್ಯಾಕಲ್‌ಗಳು, ಎರಿಕ್ ಫಿಷರ್ ಮತ್ತು ಮಿಚೆಲ್ ಶ್ವಾರ್ಟ್ಸ್, ಗಾಯದಿಂದ ಹೊರಗಿದ್ದರು. ಎಡಕ್ಕೆ ಮೈಕ್ ರೆಮ್ಮರ್ಸ್, ಬಲಕ್ಕೆ ಗಾರ್ಡ್ ಆ್ಯಂಡ್ರ್ಯೂ ವೈಲಿ. ಟ್ಯಾಂಪಾದ ಟಾಡ್ ಬೌಲ್ಸ್ ಬ್ಲಿಟ್ಜ್ ಇಷ್ಟಪಡುವ ಕೋಚ್ ಆಗಿದ್ದೂ ಆ ರಾತ್ರಿ ಹೆಚ್ಚಾಗಿ ನಾಲ್ವರನ್ನಷ್ಟೇ ಕಳಿಸಿ, ಇಬ್ಬರು ಸೇಫ್ಟಿಗಳನ್ನು ಆಳದಲ್ಲಿ ನಿಲ್ಲಿಸಿದ. ಇಎಸ್‌ಪಿಎನ್ ಎಣಿಕೆಯಲ್ಲಿ ಮಹೋಮ್ಸ್ ಮೇಲೆ 29 ಸಲ ಒತ್ತಡ. ಎಸೆಯುವ ಮುನ್ನ ಅಥವಾ ಸಿಕ್ಕಿಬೀಳುವ ಮುನ್ನ ಅವನು ಒಟ್ಟು 497 ಗಜ ಓಡಾಡಿದ. ಸ್ಯಾಕ್ ಮಾತ್ರ 3. ಹೆಜ್ಜೆ 7ರಲ್ಲಿ ಹೇಳಿದ ವ್ಯತ್ಯಾಸ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ನಾಲ್ಕನೇ ಕ್ವಾರ್ಟರ್‌ನ ಒಂದು ಫೋರ್ತ್ ಡೌನ್‌ನಲ್ಲಿ ಹಿಂದಕ್ಕೆ ಓಡಿ ಓಡಿ, ಬೀಳುತ್ತಾ, ಮೈ ನೆಲಕ್ಕೆ ಸಮಾಂತರವಾಗಿರುವಾಗ ಅವನು ಎಸೆದ ಚೆಂಡು ಎಂಡ್ ಝೋನ್‌ನಲ್ಲಿ ಡ್ಯಾರೆಲ್ ವಿಲಿಯಮ್ಸ್‌ನ ಹೆಲ್ಮೆಟ್ಟಿನ ಸರಳಿಗೆ ಬಡಿದು ಕೆಳಗೆ ಬಿತ್ತು. ಅಂಕಿಪಟ್ಟಿಗೆ ಅದೂ ತಪ್ಪಿದ ಪಾಸ್. ಸೋಲು 31-9. ನೋಡುವಾಗ ಎಣಿಸಬೇಕಾದ್ದು: ರೀಡ್ ಎಷ್ಟು ಸಲ ಬ್ಯಾಕ್ ಅಥವಾ ಟೈಟ್ ಎಂಡ್‌ನನ್ನು ತಡೆಯಲು ಉಳಿಸಿಕೊಂಡ? ಬೆರಳೆಣಿಕೆಯೂ ಹೆಚ್ಚು ಅನ್ನಿಸುತ್ತದೆ.

ಆ ಬೇಸಿಗೆಯಲ್ಲಿ ಕ್ಯಾನ್ಸಸ್ ಸಿಟಿ ಲೈನನ್ನು ಬುಡಸಮೇತ ಬದಲಿಸಿತು. ಜೋ ಥೂನಿಯನ್ನು ದುಡ್ಡು ಸುರಿದು ತಂದರು, ಓರ್ಲ್ಯಾಂಡೊ ಬ್ರೌನ್‌ನನ್ನು ಬಾಲ್ಟಿಮೋರ್‌ನಿಂದ ವಿನಿಮಯದಲ್ಲಿ ತಂದರು, ಡ್ರಾಫ್ಟ್‌ನಲ್ಲಿ ಸೆಂಟರ್ ಕ್ರೀಡ್ ಹಂಫ್ರಿ, ಆರನೇ ಸುತ್ತಿನಲ್ಲಿ ಗಾರ್ಡ್ ಟ್ರೇ ಸ್ಮಿತ್.

ಎರಡನೆಯದು 2023ರ ಫೆಬ್ರವರಿ 12. ಎದುರಿಗೆ ಸೀಸನ್‌ನಲ್ಲಿ 70 ಸ್ಯಾಕ್ ಮಾಡಿ ಬಂದಿದ್ದ ಫಿಲಡೆಲ್ಫಿಯಾ. ಮಹೋಮ್ಸ್ ಕಾಲು ಉಳುಕಿ ಕುಂಟುತ್ತಿದ್ದ. ಸ್ಯಾಕ್ ಸೊನ್ನೆ. ಬಲ ಟ್ಯಾಕಲ್ ಅದೇ ಆ್ಯಂಡ್ರ್ಯೂ ವೈಲಿ! ಮೈದಾನದ ಹುಲ್ಲು ಜಾರುತ್ತಿತ್ತು, ಅದರಿಂದ ನುಗ್ಗುವವರಿಗೆ ತೊಂದರೆಯಾದದ್ದು ನಿಜ, ಅದನ್ನೂ ಲೆಕ್ಕಕ್ಕಿಡಿ. ನಾಲ್ಕನೇ ಕ್ವಾರ್ಟರ್‌ನ ಎರಡು ಟಚ್‌ಡೌನ್‌ಗಳನ್ನು ನಿಧಾನಕ್ಕೆ ಓಡಿಸಿ ನೋಡಿ. ಕಡೇರಿಯಸ್ ಟೋನಿ ಸ್ನ್ಯಾಪ್‌ಗೆ ಮುನ್ನ ಒಳಕ್ಕೆ ಓಡಲು ಶುರುಮಾಡುತ್ತಾನೆ. ಎದುರಾಳಿಗಳು ಇವನು ಆಚೆ ಬದಿಗೆ ಹೋಗುತ್ತಾನೆ ಅಂತ ಜವಾಬ್ದಾರಿ ಬದಲಿಸಿಕೊಳ್ಳುವಷ್ಟರಲ್ಲಿ ಗಕ್ಕನೆ ನಿಂತು ಬಂದ ದಾರಿಗೇ ವಾಪಸ್ ಓಡುತ್ತಾನೆ. ಸುತ್ತ ಯಾರೂ ಇಲ್ಲ. ಮುಂದಿನ ಸಲ ಅದೇ ಉಪಾಯ ಇನ್ನೊಂದು ಬದಿಯಲ್ಲಿ, ಸ್ಕೈ ಮೂರ್‌ಗೆ. ಚೆಂಡು ಎಷ್ಟು ಬೇಗ ಕೈಬಿಡುತ್ತದೆ ಅಂದರೆ ಲೈನ್ ಯಾರನ್ನೂ ತಡೆಯುವ ಅಗತ್ಯವೇ ಬೀಳುವುದಿಲ್ಲ. ಗೆಲುವು 38-35.

ಭಾರತದಲ್ಲಿ ಕೂತು ನೇರಪ್ರಸಾರ ನೋಡುವವರಿಗೆ: ಅಮೆರಿಕದ ಪೂರ್ವ ಕರಾವಳಿಯ ಭಾನುವಾರ ಮಧ್ಯಾಹ್ನ 1ರ ಪಂದ್ಯ ನವೆಂಬರ್ ಮೊದಲ ವಾರದ ತನಕ ನಮಗೆ ರಾತ್ರಿ 10.30ಕ್ಕೆ, ಅಲ್ಲಿ ಗಡಿಯಾರ ಹಿಂದಕ್ಕಿಟ್ಟ ಮೇಲೆ 11.30ಕ್ಕೆ. ನಿದ್ದೆಗೆಡುವ ಹಾಗಿದ್ದರೆ ಮೊದಲ ಅರ್ಧ ನೋಡಿ ಮಲಗಿ, ಫಸ್ಟ್ ಡೌನ್ ಕಾಗದ ಅಷ್ಟರಲ್ಲಿ ತುಂಬಿರುತ್ತದೆ.